ಈಜು ಬಾರದ ಜೀವಿ

ಸಸ್ಯರೋಗ ವಿಭಾಗದಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರ ಬಾಯಲ್ಲೂ ಅವಳು ಲೋಳೆಯಕ್ಕ. ಒಣಗಿದ ಕಡಲಪಾಚಿಯ ಪುಡಿಯನ್ನು ನೀರಿನಲ್ಲಿ ಕದಡಿ, ಕುದಿಸಿ, ಕೈ ತಾಳುವಷ್ಟು ಆರಿಸಿ, ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಗಳಿಗೆ ಸುರಿಯುವುದು ಅವಳ ಕೆಲಸ. ತಟ್ಟೆಯಲ್ಲಿ ಅದು ಹೆಪ್ಪುಗಟ್ಟಿ ಬ್ಯಾಕ್ಟೀರಿಯಾಗಳಿಗೆ ಊಟವೂ ಆಗುತ್ತಿತ್ತು, ಹಾಸಿಗೆಯೂ ಆಗುತ್ತಿತ್ತು. ಮೊದಮೊದಲು ಆ ಅಡ್ಡಹೆಸರು ಕೇಳಿದರೆ ಅವಳ ಮೈ ಉರಿಯುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರೇನೆಂದು ಯಾರೂ ಕೇಳದೆ ಹೋದ ಮೇಲೆ, ಕ್ರಮೇಣ ಅವಳೇ ಫೋನೆತ್ತಿ, "ಹಾ, ಲೋಳೆಯಕ್ಕ ಮಾತಾಡ್ತಿರೋದು" ಎನ್ನತೊಡಗಿದಳು.

ಗಟ್ಟಿ ಹದದ ತಟ್ಟೆಯನ್ನು ಯಾರು ಬೇಕಾದರೂ ಸುರಿದಾರು. ಪ್ರಯೋಗ ನಡೆಸುವ ವಿಜ್ಞಾನಿ ಮೇಡಂಗೆ ಬೇಕಾದದ್ದು ಅರೆ ಹದದ್ದು. ತಟ್ಟೆ ಓರೆ ಮಾಡಿದರೆ ನಡುಗಬೇಕು, ಜಾರಬಾರದು. ಅದರ ನಡುವೆ ಹಲ್ಲುಕಡ್ಡಿಯ ತುದಿಯಿಂದ ಒಂದಿಷ್ಟು ಬ್ಯಾಕ್ಟೀರಿಯಾ ಚುಚ್ಚಿಟ್ಟರೆ, ಈಜಬಲ್ಲವು ಚುಚ್ಚಿದ ಜಾಗ ಬಿಟ್ಟು ಹೊರಟು, ಬೆಳ್ಳನೆಯ ಉಂಗುರವಾಗಿ ತಟ್ಟೆಯ ಅಂಚಿನತ್ತ ಹರಡಿಕೊಳ್ಳುತ್ತಿದ್ದವು. ಈಜಲಾರದವು ಚುಚ್ಚಿದಲ್ಲೇ ಕೂತು, ಅಲ್ಲೇ ಉಂಡು, ಅಲ್ಲೇ ದಪ್ಪಗಾಗಿ ಒಂದು ಚುಕ್ಕೆಯಾಗುತ್ತಿದ್ದವು. ಮೇಡಂ ಸ್ಕೇಲು ಹಿಡಿದು ಉಂಗುರ ಅಳೆಯುತ್ತಿದ್ದರು. ಹದ ಒಂದು ಕೂದಲೆಳೆ ಗಟ್ಟಿಯಾದರೂ ಲೆಕ್ಕವೆಲ್ಲ ನೀರುಪಾಲು. ಹಾಗಾಗಿ ಆ ವಿಭಾಗದಲ್ಲಿ ಅಕ್ಕನಿಗೊಂದು ಮರ್ಯಾದೆ ಇತ್ತು. ತಟ್ಟೆ ಸುರಿಯುವಾಗ ಅವಳೊಂದಿಗೆ ಯಾರೂ ಮಾತಾಡುತ್ತಿರಲಿಲ್ಲ.

ಅವರೆಲ್ಲ ಬೆನ್ನುಹತ್ತಿದ್ದುದು ಟೊಮೆಟೊ ಗಿಡದ ಸೊರಗು ರೋಗವನ್ನು. ಬೆಳಗ್ಗೆ ನಗುನಗುತ್ತ ನಿಂತ ಗಿಡ ಬಿಸಿಲೇರುವಷ್ಟರಲ್ಲಿ ತಲೆ ಇಳಿಬಿಡುತ್ತದೆ. ಎಲೆ ಹಳದಿಯಾಗುವಷ್ಟು ಪುರುಸೊತ್ತನ್ನೂ ಆ ರೋಗ ಕೊಡುವುದಿಲ್ಲ. ಹಸಿರು ಹಸಿರಾಗಿಯೇ ಗಿಡ ಜೋತುಬೀಳುತ್ತದೆ. ಅದರ ಬ್ಯಾಕ್ಟೀರಿಯಾ ಮಣ್ಣಿನ ಪಸೆಯಲ್ಲಿ ಬಾಲ ಆಡಿಸುತ್ತ, ಬೇರು ಒಸರುವ ಸಿಹಿಯ ಜಾಡು ಹಿಡಿದು ಈಜಿ ಬರುತ್ತದೆ. ಬೇರಿನ ಸಣ್ಣ ಗಾಯವೊಂದರಲ್ಲಿ ನುಸುಳಿ, ನೀರು ಏರುವ ನಾಳದೊಳಗೆ ಸಂಸಾರ ಹೂಡಿ, ಅಂಟು ಕಟ್ಟಿ ದಾರಿ ಮುಚ್ಚುತ್ತದೆ. ಬುಡದಲ್ಲಿ ನೀರು ನಿಂತಿದ್ದರೂ ಗಿಡ ಬಾಯಾರಿ ಸಾಯುತ್ತದೆ.

ಆ ಈಜನ್ನು ಕಿತ್ತುಕೊಂಡರೆ ಏನಾಗುತ್ತದೆ ಎಂಬುದು ಮೇಡಂರ ಪ್ರಶ್ನೆ. ಬಾಲವೇ ಇಲ್ಲದ ಒಂದು ತಳಿಯನ್ನು ಅವರು ಪ್ರಯೋಗಾಲಯದಲ್ಲೇ ಹುಟ್ಟಿಸಿದ್ದರು. ಅದಕ್ಕೆ ಎಲ್ಲರೂ ಇಟ್ಟ ಹೆಸರು 'ಕುಂಟ'. ಗಾಜಿನ ಮನೆಯಲ್ಲಿ ಸಾಲಾಗಿ ಟೊಮೆಟೊ ಕುಂಡಗಳನ್ನಿಟ್ಟು, ಅರ್ಧಕ್ಕೆ ಈಜುವವನ್ನೂ ಉಳಿದರ್ಧಕ್ಕೆ ಕುಂಟನನ್ನೂ ಮಣ್ಣಿಗೆ ಸುರಿದರು. ಈಜುವವು ಬಿದ್ದ ಕುಂಡಗಳ ಗಿಡಗಳು ಒಂದೊಂದಾಗಿ ಕತ್ತು ಚೆಲ್ಲಿದವು. ಕುಂಟನ ಕುಂಡಗಳ ಗಿಡಗಳು ಮದುವಣಗಿತ್ತಿಯರ ಹಾಗೆ ತಲೆ ಎತ್ತಿ ನಿಂತವು.

ಪ್ರಯೋಗ ಮುಗಿದ ಮೇಲೆ ಸತ್ತದ್ದು, ಬದುಕಿದ್ದು, ಎಲ್ಲವನ್ನೂ ಕುಂಡದ ಮಣ್ಣಿನ ಸಮೇತ ಚೀಲಕ್ಕೆ ತುಂಬಿ ಆಟೋಕ್ಲೇವಿಗೆ ಹಾಕಬೇಕು. ಅದು ಆಳೆತ್ತರದ ಉಕ್ಕಿನ ಹಂಡೆ. ಆವಿಯ ಒತ್ತಡದಲ್ಲಿ ಒಳಗಿದ್ದದ್ದೆಲ್ಲ ಬೆಂದು ನಿರ್ಜೀವವಾಗುತ್ತದೆ. ಗಾಜಿನ ಮನೆಗೆ ಹೋದದ್ದು ಆ ಹಂಡೆಯ ಮೂಲಕವಲ್ಲದೆ ಹೊರಗೆ ಬರಕೂಡದು. ಬೇಯಿಸುವ ಕೆಲಸವೂ ಅಕ್ಕನದೇ. ಬೆಂದ ಎಲೆಯ ವಾಸನೆ ಅವಳ ಕೂದಲಿಗೆ ಅಂಟಿಕೊಂಡೇ ಮನೆಗೆ ಬರುತ್ತಿತ್ತು.

ಮನೆ ಎಂದರೆ ದರ್ಜಿ ಅಂಗಡಿಯ ಹಿಂದಿನ ಒಂದು ಕೋಣೆ. ಗೋಡೆಯಾಚೆ ದಿನವಿಡೀ ಹೊಲಿಗೆ ಯಂತ್ರದ ಸದ್ದು. ಗಂಡನೆಂಬವನು ಕೆಲಸದ ನೆಪ ಹೇಳಿ ಬೇರೆ ಊರಿಗೆ ಹೋಗಿ, ಅಲ್ಲೊಂದು ಸಂಸಾರ ಹೂಡಿ, ಇಲ್ಲಿಯದನ್ನು ಮರೆತುಬಿಟ್ಟಿದ್ದ. ಅಕ್ಕ ಅತ್ತಿದ್ದೂ ಆಗಿತ್ತು, ಬೈದಿದ್ದೂ ಆಗಿತ್ತು. ಅವನ ಎರಡು ಅಂಗಿಗಳನ್ನು ಕತ್ತರಿಸಿ ಹಿಡಿಬಟ್ಟೆ ಮಾಡಿಕೊಂಡಳು. ಅವಳಿಗೆ ಏನನ್ನೂ ಎಸೆಯಲು ಮನಸ್ಸು ಬಾರದು. ಕೋಣೆಯ ಸ್ಟ್ಯಾಂಡಿನ ತುಂಬ ಪ್ರಯೋಗಾಲಯದವರು ಬಿಸಾಡಿದ ಗಾಜಿನ ಸೀಸೆಗಳು. ಕುದಿಸಿ ತೊಳೆದು ಒಂದರಲ್ಲಿ ಉಪ್ಪು, ಒಂದರಲ್ಲಿ ಸಕ್ಕರೆ, ಒಂದರಲ್ಲಿ ಗುಂಡಿಗಳು. ಮೂತಿ ಒಡೆದವುಗಳನ್ನೂ ಇಟ್ಟುಕೊಂಡಿದ್ದಳು. "ಇದೇನಕ್ಕಾ, ಆಸ್ಪತ್ರೆಗೆ ಬಂದಂಗಾಗುತ್ತೆ ನಿನ್ನ ಮನೆಗೆ ಬಂದ್ರೆ" ಎಂದು ತಂಗಿ ನಗುತ್ತಿದ್ದಳು. ಹೋಗುವಾಗ ಎರಡು ಸೀಸೆ ಕಂಕುಳಲ್ಲಿ ಇರುಕಿಕೊಂಡೇ ಹೋಗುತ್ತಿದ್ದಳು.

ತಂಗಿ ಒಬ್ಬಳೇ ಅವಳ ಪಾಲಿಗೆ ತವರು, ಊರು, ನೆಂಟರು. ತಾಯಿ ಹೋದಾಗ ತಂಗಿಗೆ ಇನ್ನೂ ಜಡೆ ಹೆಣೆದುಕೊಳ್ಳಲು ಬರುತ್ತಿರಲಿಲ್ಲ. ಹೆಣೆದವಳು ಅಕ್ಕ, ಕಲಿಸಿದವಳು ಅಕ್ಕ. ಈಗ ಆ ತಂಗಿಯೇ ಗಂಡನೊಂದಿಗೆ ಹೆದ್ದಾರಿಯ ಪಕ್ಕ, ಮುಚ್ಚಿಹೋದ ಇಟ್ಟಿಗೆ ಗೂಡಿನ ಹಿಂದೆ, ಒಂದು ಸಸಿ ನರ್ಸರಿ ಕಟ್ಟಿಕೊಂಡಿದ್ದಳು. ಹಸಿರು ನೆರಳುಬಲೆಯ ಕೆಳಗೆ ಟ್ರೇಗಳ ಸಾಲು. ಅಲ್ಲಿ ಮಾರಾಟವಾಗುತ್ತಿದ್ದುದು ಕಸಿ ಸಸಿ. ಕಾಡುಬದನೆಯ ಬುಡದ ಮೇಲೆ ಟೊಮೆಟೊದ ತಲೆ. ಬ್ಲೇಡಿನಿಂದ ಎರಡನ್ನೂ ಓರೆಯಾಗಿ ಕೊಯ್ದು, ಗಾಯಕ್ಕೆ ಗಾಯ ಕೂಡಿಸಿ, ಚಿಕ್ಕದೊಂದು ಕ್ಲಿಪ್ಪು ಹಾಕಿ, ಪ್ಲಾಸ್ಟಿಕ್ ಹೊದಿಸಿದ ಗುಡಾರದಲ್ಲಿ ಬೆವರಲು ಬಿಡುತ್ತಿದ್ದರು. ಕಾಡುಬದನೆಯ ಬೇರು ಗಟ್ಟಿಗ. ಸೊರಗು ರೋಗಕ್ಕೆ ಜಗ್ಗುವುದಿಲ್ಲ. ಅದಕ್ಕೇ ರೈತರು ಹೆಚ್ಚು ಹಣ ಕೊಟ್ಟು ಅಲ್ಲಿಯ ಸಸಿ ಒಯ್ಯುತ್ತಿದ್ದರು. ತಂಗಿಯ ಬೆರಳು ಎಷ್ಟು ಚುರುಕೆಂದರೆ, ನೋಡುವವರಿಗೆ ಬ್ಲೇಡು ಕಾಣುತ್ತಿರಲಿಲ್ಲ, ಕೊಯ್ದದ್ದು ಮಾತ್ರ ಕಾಣುತ್ತಿತ್ತು.

ಆ ಸಲ ಕಂಪನಿ ಕಳಿಸಿದ ಟೊಮೆಟೊ ಬೀಜ ಅರ್ಧಕ್ಕರ್ಧ ಮೊಳೆಯಲಿಲ್ಲ. ಬುಡಗಳು ಸಿದ್ಧವಾಗಿದ್ದವು, ಮೇಲೆ ಕೂರಿಸಲು ತಲೆಗಳಿಲ್ಲ. "ಬರೀ ಮುಂಡಗಳನ್ನ ಸಾಕ್ಕೊಂಡು ಕೂತಿದೀನಿ ಅಕ್ಕಾ, ರಾಕ್ಷಸರ ಸೈನ್ಯದ ತರ" ಎಂದು ತಂಗಿ ಫೋನಿನಲ್ಲಿ ನಕ್ಕಳು. ಆ ನಗುವಿನ ತುದಿ ಒಡೆದದ್ದು ಅಕ್ಕನಿಗೆ ಕೇಳಿಸಿತು.

ಮರುದಿನ ಕುಂಟನ ಕುಂಡಗಳನ್ನು ಬೇಯಿಸುವ ಸರದಿ. ಅಕ್ಕ ಚೀಲ ಬಿಚ್ಚಿಕೊಂಡು ಗಿಡಗಳ ಮುಂದೆ ನಿಂತಳು. ಅದೇ ಜಾತಿ, ತಂಗಿ ಹುಡುಕುತ್ತಿದ್ದ ಅದೇ ದಪ್ಪ ಕಾಂಡದ ಟೊಮೆಟೊ. ಪ್ರತಿ ಎಲೆಯ ಕಂಕುಳಲ್ಲೂ ಹೊಸ ಚಿಗುರು. ಇವುಗಳನ್ನು ಹಂಡೆಗೆ ಹಾಕುವುದೆಂದರೆ ಅವಳಿಗೆ ಕೂಸನ್ನು ಎತ್ತಿ ಬಿಸಿನೀರಿಗೆ ಹಾಕಿದ ಹಾಗಾಯಿತು. ಪ್ರಯೋಗಾಲಯಕ್ಕೆ ಬಂದರೆ ಮೇಡಂ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂತಿದ್ದರು.

"ಮೇಡಂ, ಈ ಕುಂಟ ಇದಾನಲ್ಲ, ಅವನ ಗಿಡ ಇಷ್ಟು ದಿನ ಆದ್ರೂ ಏನೂ ಆಗ್ಲಿಲ್ವಲ್ಲ?"

"ಎಲ್ಲಿಂದ ಆಗ್ಬೇಕು? ಬೇರಿನ ತನಕ ಈಜೋಕೇ ಬರಲ್ಲ ಪಾಪ. ಅಲ್ಲೇ ಮಣ್ಣಲ್ಲಿ ಬಿದ್ದಿರ್ತಾನೆ."

"ಹಾಗಾದ್ರೆ ಏನೂ ಮಾಡಲ್ಲ ಅನ್ನಿ."

"ಕುಂಟ ಕಣ್ರೀ ಅವನು" ಎಂದರು ಮೇಡಂ, ಕಣ್ಣು ತೆಗೆಯದೆ. "ಆ ಲೈಟ್ ಸ್ವಲ್ಪ ಈ ಕಡೆ ತಿರುಗಿಸ್ತೀರಾ?"

ಅಕ್ಕ ಲೈಟು ತಿರುಗಿಸಿದಳು. ತನಗೆ ಬೇಕಾದಷ್ಟನ್ನು ಕೇಳಿಸಿಕೊಂಡಿದ್ದಳು. ಎಲ್ಲ ಗಿಡಗಳನ್ನೂ ಒಯ್ಯಲಿಲ್ಲ. ಅಷ್ಟು ಧೈರ್ಯ ಅವಳಿಗಿರಲಿಲ್ಲ. ಚೆನ್ನಾಗಿದ್ದ ನಾಲ್ಕಾರನ್ನು ಬೇರಿನ ಮಣ್ಣು ತೊಳೆದು, ಒದ್ದೆ ಕಾಗದದಲ್ಲಿ ಸುತ್ತಿ, ಊಟದ ಚೀಲದಲ್ಲಿ ಮಲಗಿಸಿದಳು. ಮಣ್ಣಲ್ಲಿ ತಾನೆ ಕುಂಟ ಇರುವುದು, ಮಣ್ಣು ತೊಳೆದೆನಲ್ಲ, ಎಂದುಕೊಂಡಳು. ಗೇಟಿನಲ್ಲಿ ಕಾವಲುಗಾರ ಹುಬ್ಬೇರಿಸಿದ.

"ಏನ್ ಲೋಳೆಯಕ್ಕಾ, ಬ್ಯಾಗು ಬಸುರಿ ಆದಂಗಿದೆ?"

"ಆಗಿದೆ ಕಣಪ್ಪ. ಹೆಸರಿಡೋಕೆ ನಿನ್ನನ್ನೇ ಕರೀತೀನಿ" ಎಂದು ನಗುತ್ತ ದಾಟಿದಳು. ಒಳಗೊಳಗೇ ಹಿಗ್ಗು. ಎಷ್ಟೋ ವರ್ಷದ ಮೇಲೆ ತಂಗಿಗೆ ಒಡೆದ ಸೀಸೆಯಲ್ಲದ ಏನನ್ನೋ ಒಯ್ಯುತ್ತಿದ್ದಳು.

ತಂಗಿ ಗಿಡಗಳನ್ನು ಕಂಡದ್ದೇ ಅಕ್ಕನ ಕೆನ್ನೆ ಹಿಂಡಿದಳು. "ಅಯ್ಯೋ ನನ್ ದೇವ್ರೇ! ಎಲ್ಲಿ ಕದ್ದೆ?"

"ಕದಿಯೋದೇನು ಬಂತು. ಬೇಯಿಸಿ ಬಿಸಾಡ್ತಿದ್ರು. ಆರೋಗ್ಯವಾಗಿದೆ, ಚಿಗುರು ಕೊಯ್ದು ನಿನ್ನ ಬುಡಗಳಿಗೆ ಕೂರಿಸ್ಕೋ."

ಅವು ಯಾವ ಕುಂಡದವು ಎಂದು ತಂಗಿ ಕೇಳಲಿಲ್ಲ, ಅಕ್ಕ ಹೇಳಲಿಲ್ಲ.

ಕೆಲವು ವಾರ ಕಳೆದವು. ಮೇಡಂ ಮುಂದಿನ ಪ್ರಯೋಗಕ್ಕೆ ಕೈ ಹಾಕಿದರು. ಈ ಸಲ ಮಣ್ಣಿನ ಗೊಡವೆಯೇ ಇಲ್ಲ. ಎಳೆಯ ಗಿಡದ ಎಲೆಯ ತೊಟ್ಟನ್ನು ಬ್ಲೇಡಿನಿಂದ ಕೊಯ್ದು, ಗಾಯದ ಮೇಲೆ ಒಂದು ಹನಿ ಬಿಡುವುದು. ಕೆಲವಕ್ಕೆ ಈಜುವವು, ಕೆಲವಕ್ಕೆ ಕುಂಟ. ಬ್ಲೇಡಿನ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತವಳು ಅಕ್ಕನೇ. ಆಗಲೂ ಅವಳಿಗೆ ಏನೂ ಹೊಳೆಯಲಿಲ್ಲ. ಕೈ ಕೆಲಸದಲ್ಲಿತ್ತು, ಮನಸ್ಸು ಸಂಜೆ ಕೊಳ್ಳಬೇಕಾದ ಸೋಪಿನಲ್ಲಿತ್ತು.

ಆಮೇಲೊಂದು ಬೆಳಗ್ಗೆ ಗಾಜಿನ ಮನೆಯ ಬಾಗಿಲು ತೆರೆದರೆ ಎರಡೂ ಸಾಲಿನ ಗಿಡಗಳು ತಲೆ ಇಳಿಬಿಟ್ಟಿದ್ದವು. ಈಜುವವು ಯಾವುದು, ಕುಂಟನದು ಯಾವುದು, ಚೀಟಿ ಓದಿಯೇ ಹೇಳಬೇಕು. ಮೇಡಂ ಖುಷಿಯಲ್ಲಿ ಬಾಗಿಲಲ್ಲೇ ಮಾತಿಗೆ ಶುರುವಿಟ್ಟರು: "ನೋಡಿದ್ರಾ? ನಾನು ಅಂದ್ಕೊಂಡಿದ್ದೇ ಆಯ್ತು. ಈಜು ಬೇಕಾಗಿರೋದು ಹೊರಗಿಂದ ಒಳಗೆ ಬರೋದಕ್ಕೆ ಮಾತ್ರ. ಒಂದ್ಸಲ ಒಳಗೆ ಬಿಟ್ಟುಬಿಟ್ರೆ ಕುಂಟನೂ ಒಂದೇ, ಓಡೋನೂ ಒಂದೇ. ಕೊಲ್ಲೋಕೆ ಕಾಲೇ ಬೇಡ ಅವನಿಗೆ!"

"ಮಣ್ಣಿಗೆ ಹಾಕಿದ್ವಲ್ಲ ಮೇಡಂ, ಆಗ ನೆಟ್ಟಗೆ ನಿಂತಿದ್ವಲ್ಲ..." ಎಂದಳು ಅಕ್ಕ.

"ನಿಂತಿದ್ವು. ಅದರಲ್ಲೂ ಒಂದೋ ಎರಡೋ ಗಿಡದೊಳಗೆ ಅಷ್ಟಿಷ್ಟು ಸೇರ್ಕೊಂಡೇ ಇರ್ತಾನೆ, ಗಿಡ ತೋರಿಸಿಕೊಳ್ಳಲ್ಲ ಅಷ್ಟೆ. ಅದಕ್ಕೇ ಅಲ್ವಾ ಎಲ್ಲಾ ಬೇಯಿಸೋದು. ಯಾಕ್ರೀ, ಹುಷಾರಿಲ್ವಾ? ಮುಖ ಬಿಳುಚಿಕೊಂಡಿದೆ."

ಹೊಟ್ಟೆನೋವೆಂದು ಹೇಳಿ ಅಕ್ಕ ಬಸ್ಸು ಹತ್ತಿದಳು. ಕಿಟಕಿಯಾಚೆ ಅಂಗಡಿಗಳು ಹಿಂದಕ್ಕೆ ಓಡುತ್ತಿದ್ದವು. ಅವಳ ಕಣ್ಣ ಮುಂದೆ ತಂಗಿಯ ಬ್ಲೇಡೊಂದೇ. ಒಂದು ಗಿಡ, ಇನ್ನೊಂದು ಗಿಡ, ಮತ್ತೊಂದು. ನಡುವೆ ಬ್ಲೇಡನ್ನು ಔಷಧಿ ನೀರಿಗೆ ಅದ್ದಬೇಕೆಂದು ಎಲ್ಲರಿಗೂ ಗೊತ್ತು. ಅದ್ದುತ್ತ ಕೂತರೆ ಕೆಲಸ ಸಾಗದೆಂಬುದೂ ಗೊತ್ತು. ಕಾಡುಬದನೆಯ ಬೇರು ಬಾಗಿಲಲ್ಲಿ ದೊಣ್ಣೆ ಹಿಡಿದು ಕಾವಲು ನಿಂತಿತ್ತು. ಕಳ್ಳನನ್ನು ಅವಳು ಹೊತ್ತು ತಂದು ಅಟ್ಟದ ಮೇಲೆ ಇಳಿಸಿದ್ದಳು.

ನರ್ಸರಿಯಲ್ಲಿ ತಂಗಿ ಹಾಡು ಗುನುಗುತ್ತ ಟ್ರೇಗಳಿಗೆ ನೀರು ಚಿಮುಕಿಸುತ್ತಿದ್ದಳು. "ಬಾ ಬಾ! ನಿನ್ನ ಮೊಮ್ಮಕ್ಕಳನ್ನ ನೋಡು ಬಾ. ನೀನು ತಂದ ಗಿಡದಲ್ಲಿ ಎಷ್ಟು ಚಿಗುರು ಬಂತು ಗೊತ್ತಾ? ಇಡೀ ಆ ಕಡೆ ಸಾಲು ಅದರದ್ದೇ."

"ಆ ಗಿಡಗಳು ಎಲ್ಲಿ?"

"ಅವಾ? ಬಿಸಿಲಿಗೆ ಬಾಡಿಹೋದ್ವು ಎರಡು. ಉಳಿದದ್ದು ಅಲ್ಲಿವೆ."

"ಈ ಟ್ರೇಲಿ ಮೂಲೇದು ಯಾಕೆ ಹೀಗಿದೆ?"

"ಅದೂ ಬಿಸಿಲಿಗೇ. ಸಂಜೆ ಎದ್ದು ಕೂರತ್ತೆ ಬಿಡು."

ಅಕ್ಕ ಆ ಸಸಿ ಕಿತ್ತಳು. ತಂಗಿ ಹಾಂ ಹೂಂ ಎನ್ನುವಷ್ಟರಲ್ಲಿ ಅಡುಗೆಮನೆಗೆ ನಡೆದು, ಗಾಜಿನ ಲೋಟಕ್ಕೆ ತಿಳಿನೀರು ತುಂಬಿ, ಸಸಿಯ ಕಾಂಡ ಕೊಯ್ದು, ಕೊಯ್ದ ತುದಿ ನೀರಿಗೆ ಮುಟ್ಟುವಂತೆ ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ನಿಂತಳು. ಇಬ್ಬರೂ ಲೋಟವನ್ನೇ ನೋಡಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ತಂಗಿ, "ಏನಿದು ಕಣಿ ಹೇಳೋರ ತರ" ಎಂದು ಇನ್ನೂ ನಗುತ್ತಿದ್ದಳು. ಆಗ ಕಾಂಡದ ತುದಿಯಿಂದ ಬಿಳಿ ಹೊಗೆಯ ಎಳೆಯೊಂದು ನೀರಿಗಿಳಿಯಿತು. ಅದರ ಬೆನ್ನಿಗೆ ಇನ್ನೊಂದು. ಹಾಲಿನ ದಾರದ ಹಾಗೆ, ಅವಸರವಿಲ್ಲದೆ, ಲೋಟದ ತಳದತ್ತ.

ತಂಗಿಗೆ ಹೇಳಬೇಕಾದ್ದೇನೂ ಉಳಿಯಲಿಲ್ಲ. ಸೊರಗು ರೋಗದ ಹೆಸರಿನಲ್ಲೇ ವ್ಯಾಪಾರ ಮಾಡುವವಳಿಗೆ ಬ್ಯಾಕ್ಟೀರಿಯಾದ ಆ ದಾರ ಗೊತ್ತಿತ್ತು.

"ನನ್ನ ಬುಡ ಕಾಡುಬದನೇದು" ಎಂದಳು, ತನಗೆ ತಾನೇ ಎಂಬಂತೆ. "ಹೆಂಗೆ ಬಂತು?"

ಅಕ್ಕ ಹೇಳಿದಳು. ಯಾವ ಕುಂಡ, ಯಾವ ಕುಂಟ, ಬೆಳಗ್ಗೆ ಮೇಡಂ ಏನೆಂದರು, ಎಲ್ಲವನ್ನೂ. ಹೇಳುತ್ತ ಹೇಳುತ್ತ ತಂಗಿಯ ಮುಖ ಕಲ್ಲಾಗುವುದನ್ನು ಕಂಡಳು. "ಎಲ್ಲಾ ಟ್ರೇ ಸುಡ್ಬೇಕು ಪುಟ್ಟೀ. ಚೆನ್ನಾಗಿ ಕಾಣೋದನ್ನೂ. ಒಂದೂ ಹೊರಗೆ ಹೋಗಬಾರದು."

"ಸುಡ್ಬೇಕಾ." ತಂಗಿ ಲೋಟವನ್ನು ಸಿಂಕಿಗೆ ಬಗ್ಗಿಸಿದಳು. "ನಾಳೆ ವ್ಯಾನು ಹೊರಡ್ಬೇಕು. ಮುಂಗಡ ಇಸ್ಕೊಂಡು ಎಲ್ಲಾ ಬುಡಕ್ಕೆ ಸುರಿದಿದೀವಿ. ಸುಟ್ಟುಬಿಟ್ಟು ಏನು ಮಾಡ್ಲಿ? ನಿನ್ನ ಖಾಲಿ ಸೀಸೆ ತಗೊಂಡು ರಸ್ತೇಲಿ ಕೂತ್ಕೊಳ್ಳಾ?"

ವ್ಯಾನಿನ ಟೈರು ತಟ್ಟಿ ನೋಡುತ್ತಿದ್ದ ತಂಗಿಯ ಗಂಡ ಮಾತಿನ ಬಿಸಿ ಕೇಳಿ ಒಳಗೆ ಬಂದ. ಯಾರ ಮನಸ್ಸನ್ನೂ ನೋಯಿಸದೆ ತನ್ನ ಕೆಲಸ ಮಾಡಿಕೊಂಡು ಹೋಗುವ ಆಸಾಮಿ. ವಿಷಯ ತಿಳಿದು ತಲೆ ಕೆರೆದುಕೊಂಡ. "ಅತ್ತಿಗೆ, ನೀವು ಗಾಬರಿ ಆಗ್ಬೇಡಿ. ಬಾಡಿರೋದನ್ನ ತೆಗೆದು ಬಿಸಾಡಿ, ಚೆನ್ನಾಗಿರೋದನ್ನ ಮಾತ್ರ ಕಳಿಸ್ತೀವಿ."

"ಚೆನ್ನಾಗಿ ಕಾಣೋದನ್ನ ಅನ್ನಿ."

"ಕಾಣೋದನ್ನೇ ತಾನೆ ಅತ್ತಿಗೆ ಜನ ಕೊಳ್ಳೋದು?"

"ಜನರ ಹೊಲ ಹಾಳಾಗುತ್ತೆ."

"ಅದು ಕುಂಟ ಅಂದ್ಯಲ್ಲ?" ತಂಗಿ ತಟ್ಟನೆ ತಿರುಗಿದಳು. "ಹೊಲದಲ್ಲಿ ಪಕ್ಕದ ಗಿಡಕ್ಕೆ ತಾನಾಗಿ ಹೋಗಲ್ಲ ಅಲ್ವಾ? ಸತ್ರೆ ಅದೊಂದು ಗಿಡ ಸಾಯುತ್ತೆ. ನಾಲ್ಕು ಸತ್ವು ಅಂದ್ರೆ ಬಿಸಿಲು ಅಂತಾರೆ, ನೀರು ಅಂತಾರೆ."

"ಅವರೂ ಚಿಗುರು ಚಿವುಟ್ತಾರೆ, ಕೊಯ್ತಾರೆ. ಅವರ ಕೈಲೂ ಕತ್ತರಿ ಇರುತ್ತೆ."

"ಅಷ್ಟೆಲ್ಲಾ ಗೊತ್ತಿದ್ದೋಳು ತಂದಿದ್ಯಾಕೆ?"

ತಂಗಿ ಹತ್ತಿರ ಬಂದು, ದನಿ ತಗ್ಗಿಸಿದಳು. ಚಿಕ್ಕಂದಿನಲ್ಲಿ ಏನಾದರೂ ಬೇಕಾದಾಗ ತೆಗೆಯುತ್ತಿದ್ದ ದನಿ ಅದು. "ನೀನು ನನ್ನ ಸಾಕಿದೋಳು. ನಾನು ಬೀದಿಗೆ ಬೀಳೋದನ್ನ ನೋಡ್ತೀಯಾ? ಯಾರಿಗೂ ಹೇಳ್ಬೇಡ ಅಕ್ಕ. ಹೇಳಿದ್ರೆ ನಿನಗೆ ತಂಗಿ ಇಲ್ಲ ಅಂದ್ಕೋ. ಅಷ್ಟೇ ನಾನು ಹೇಳೋದು."

ಅಕ್ಕ ಬಾಯಿಗೆ ಬೀಗ ಹಾಕಿಕೊಂಡಳು. ಮರುದಿನ ರಜೆ ಹಾಕಿ, ಟ್ರೇ ಆರಿಸಲು ತಾನೇ ಕೈ ಹಚ್ಚಿದಳು. ಇಷ್ಟಾದರೂ ಮಾಡೋಣ ಎಂಬ ನೆಪ. ಸ್ವಲ್ಪ ಬಾಗಿದ್ದನ್ನೂ ಕಿತ್ತು ಬುಟ್ಟಿಗೆ ಹಾಕುವಳು. ಬುಟ್ಟಿಯಿಂದ ತಂಗಿಯ ಗಂಡ ಅರ್ಧದಷ್ಟನ್ನು ಹೆಕ್ಕಿ, "ಇದು ಪರವಾಗಿಲ್ಲ ಬಿಡಿ ಅತ್ತಿಗೆ" ಎಂದು ಮತ್ತೆ ಟ್ರೇಗೆ ಇಡುವನು. ವ್ಯಾನು ಹೊರಟಿತು. ಮಣ್ಣಿನಲ್ಲಿ ಒಂದು ಗೇಣು ಈಜಲಾರದ ಜೀವಿ ಗಿಡದ ಕಾಂಡದೊಳಗೆ ಮೈಚೆಲ್ಲಿ ಕೂತು, ಹೆದ್ದಾರಿಯಲ್ಲಿ ಹಾರ್ನು ಹೊಡೆಯುತ್ತ, ಎಂದೂ ಕಾಣದ ಊರುಗಳಿಗೆ ಸವಾರಿ ಹೋಯಿತು.

ಆಮೇಲಿನ ದಿನಗಳಲ್ಲಿ ತಂಗಿ ಎಂದಿಗಿಂತ ಹೆಚ್ಚು ಅಕ್ಕರೆ ತೋರಿಸಿದಳು. ದಿನಾ ಫೋನು. "ಊಟ ಆಯ್ತಾ? ಮಂಡಿ ನೋವು ಹೆಂಗಿದೆ?" ಅಕ್ಕನಿಗೆ ಆ ಅಕ್ಕರೆ ಬೇಕಿತ್ತು. ಅದು ಯಾವುದಕ್ಕೆ ಕೊಟ್ಟ ಕೂಲಿ ಎಂದು ಗೊತ್ತಿದ್ದರೂ ಬೇಕಿತ್ತು.

ಗಿಡ ಹಿಡಿದುಕೊಂಡು ವಿಭಾಗಕ್ಕೆ ಬಂದವಳು ಒಬ್ಬ ರೈತ ಹೆಂಗಸು. ಬಿಸಿಲಿಗೆ ಸುಕ್ಕಾದ ಮುಖ, ಅಂಗಾಲ ತುಂಬ ಒಣಮಣ್ಣು. ಹೆಗಲ ಚೀಲದಿಂದ ಸೊರಗಿದ ಗಿಡವನ್ನು ತೆಗೆದು ಮೇಜಿನ ಮೇಲೆ ಮಲಗಿಸಿದಳು. ಕಸಿಯ ಗಂಟಿನ ಕೆಳಗೆ ಕಾಡುಬದನೆಯ ಬುಡ ಇನ್ನೂ ಗಟ್ಟಿಮುಟ್ಟಾಗಿತ್ತು, ಮೇಲಿನದು ಚಿಂದಿ.

"ಈ ರೋಗ ಬರಲ್ಲ ಅಂತ ಹೇಳೇ ಕೊಟ್ಟಿದ್ದು ಕಣಮ್ಮ" ಎಂದಳು. "ಮೊದಲು ಎರಡು ಹೋಯ್ತು, ಸುಮ್ಮನಿದ್ದೆ. ಚಿಗುರು ಚಿವುಟಿ ಕಟ್ಟು ಹಾಕಿದ ಮೇಲೆ ಸಾಲಿಗೆ ಸಾಲೇ ಮಲಗಿಬಿಡ್ತು. ನನ್ನ ಕೈಯೇ ಕೆಟ್ಟದ್ದು ಅಂತಾರೆ ಮನೇಲಿ. ನನ್ನ ಕೈ ಹಿಂದೆ ಯಾವತ್ತೂ ಹಿಂಗೆ ಮಾಡಿರ್ಲಿಲ್ಲ." ಮಾತಾಡುತ್ತ ಅಂಗೈ ಮಗುಚಿ ಮಗುಚಿ ನೋಡಿಕೊಂಡಳು, ಅಲ್ಲಿ ಏನಾದರೂ ಬರೆದಿದೆಯೋ ಎಂಬಂತೆ.

ಮೇಡಂ ಕಾಂಡ ಸೀಳಿ ನೋಡಿದರು. "ಸೊರಗೇ. ಆದ್ರೆ ಬೇರು ಇಷ್ಟು ಚೆನ್ನಾಗಿದೆಯಲ್ಲ, ವಿಚಿತ್ರ. ಲೋಳೆಯಕ್ಕ, ಇದನ್ನ ಬೆಳೆಸಿ ನೋಡ್ಬೇಕು. ಅರೆ ಹದದ್ದೂ ಒಂದು ತಟ್ಟೆ ಸುರೀರಿ, ಹೆಂಗೆ ಈಜುತ್ತೆ ನೋಡೋಣ."

ಹೊಲದ ಬ್ಯಾಕ್ಟೀರಿಯಾ ಆದರೆ ಉಂಗುರ ಬಿಡಿಸುತ್ತದೆ. ಚುಕ್ಕೆಯಾಗಿ ಕೂತರೆ ಅದು ಎಲ್ಲಿಂದ ಬಂದದ್ದೆಂದು ಮೇಡಂಗೆ ಬೇರೆ ಸಾಕ್ಷಿ ಬೇಡ. ಅಂಥದ್ದು ಆ ಸುತ್ತಿನಲ್ಲಿ ಇದ್ದದ್ದು ಒಂದೇ ಫ್ರಿಜ್ಜಿನಲ್ಲಿ. ಅಕ್ಕ ತಟ್ಟೆ ಸುರಿದಳು. ಹದ ಎಂದಿನಂತೆ ಚೆನ್ನಾಗಿಯೇ ಬಂತು. ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದಾಗ ಫ್ರಿಜ್ಜು ತೆರೆದು, ಈಜುವ ತಳಿಯ ಪುಟ್ಟ ಸೀಸೆ ಕೈಗೆತ್ತಿಕೊಂಡಳು. ರೈತ ಹೆಂಗಸಿನ ಗಿಡದ್ದರ ಬದಲು ಇದನ್ನು ಚುಚ್ಚಿಟ್ಟರೆ ಮುಗಿಯಿತು. ಉಂಗುರ ಹರಡುತ್ತದೆ, ಮೇಡಂ ಸ್ಕೇಲು ಹಿಡಿದು ಅಳೆಯುತ್ತಾರೆ, ತಂಗಿ ಸಂಜೆ ಫೋನು ಮಾಡಿ ಮಂಡಿ ನೋವು ವಿಚಾರಿಸುತ್ತಾಳೆ. ಸೀಸೆ ಬೆರಳನ್ನು ಮರಗಟ್ಟಿಸಿತು. ಅವಳ ಮನಸ್ಸು ಮತ್ತೆ ಮತ್ತೆ ಆ ಹೆಂಗಸು ಮಗುಚಿ ನೋಡಿಕೊಂಡ ಅಂಗೈಯ ಮೇಲೇ ಹೋಗಿ ಕೂರುತ್ತಿತ್ತು. ಇನ್ನೂ ಎಷ್ಟು ಹೊಲಗಳಲ್ಲಿ, ಎಷ್ಟು ಕೈಗಳು ಚಿಗುರು ಚಿವುಟುತ್ತಿದ್ದವೋ.

ಸೀಸೆಯನ್ನು ತಿರುಗಿ ಇಟ್ಟು, ಮೇಡಂರ ಕೋಣೆಯ ಬಾಗಿಲಲ್ಲಿ ನಿಂತಳು.

"ಮೇಡಂ, ಅದು ಈಜಲ್ಲ."

"ಇನ್ನೂ ಚುಚ್ಚೇ ಇಲ್ವಲ್ರೀ!"

"ಚುಚ್ಚಿದ್ರೂ ಈಜಲ್ಲ. ಅದು ನಮ್ಮ ಕುಂಟ."

ಮೇಡಂ ಕೈಯ ಪೆನ್ನು ಕೆಳಗಿಟ್ಟರು. ಅಕ್ಕ ಎಲ್ಲವನ್ನೂ ಹೇಳಿದಳು. ಕೊನೆಗೆ, "ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?" ಎಂದರು.

"ಕೇಳಿದ್ದೆ ಮೇಡಂ. ಕುಂಟ ಕಣ್ರೀ ಅಂದ್ರಿ."

ಮೇಡಂ ಕಿಟಕಿಯ ಕಡೆ ನೋಡಿದರು. "ಹೌದು, ಅಂದಿದ್ದೆ." ಆಮೇಲೆ ಮೇಲಿನವರಿಗೆ ಹೋದ ವರದಿಯಲ್ಲಿ ಆ ಮಾತು ಬರಲಿಲ್ಲ. ನಿಯಮ ಮೀರಿ ಗಿಡ ಸಾಗಿಸಿದ ನೌಕರಳು ಎಂದಷ್ಟೇ ಬಂತು. ಅಕ್ಕ ಅದನ್ನು ಎತ್ತಿ ಆಡಲಿಲ್ಲ. ಆಡಿದರೂ ಕೇಳುವ ಕಿವಿ ಯಾವುದಿತ್ತು?

ನರ್ಸರಿಗೆ ಜೀಪಿನಲ್ಲಿ ಜನ ಬಂದರು. ಗುಂಡಿ ತೋಡಿ, ಟ್ರೇಗಳನ್ನು ಸುರಿದು, ಸುಣ್ಣ ಹಾಕಿ ಮುಚ್ಚಿದರು. ಸಸಿ ಒಯ್ದವರಿಗೆಲ್ಲ ತಂಗಿಯೇ ಫೋನು ಮಾಡಿ ಗಿಡ ಕೀಳಿರೆಂದು ಹೇಳಬೇಕಾಯಿತು. ಅಧಿಕಾರಿಗಳು ಎದುರಿಗೆ ಕೂತು, ಸ್ಪೀಕರ್ ಹಾಕಿಸಿ ಕೇಳಿಸಿಕೊಂಡರು. ಆ ಕಡೆಯಿಂದ ಬಂದ ಬೈಗುಳಗಳನ್ನೂ ಎಲ್ಲರೂ ಕೇಳಿಸಿಕೊಂಡರು. ಕೆಲವರ ಹೊಲಗಳು ಉಳಿದವು. ಹೊಲ ಉಳಿಸಿಕೊಂಡವರು ಯಾರೂ ಫೋನು ಮಾಡಿ ಒಳ್ಳೆಯದಾಯಿತು ಎನ್ನಲಿಲ್ಲ. ನರ್ಸರಿಯ ಜಾಗದಲ್ಲಿ ಇನ್ನು ಮುಂದೆ ಸಸಿ ಬೆಳೆಸಕೂಡದೆಂದು ಚೀಟಿ ಅಂಟಿಸಿ ಹೋದರು. ತಂಗಿಯ ಗಂಡ ವ್ಯಾನು ಮಾರಿ, ಇನ್ನೊಬ್ಬರ ವ್ಯಾನಿಗೆ ಡ್ರೈವರಾದ. ಆ ಗದ್ದಲದ ನಡುವೆ ತಂಗಿ ಅಕ್ಕನ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ; ಬೈದಿದ್ದರೂ ಅಕ್ಕ ಅದನ್ನೇ ಪುಣ್ಯ ಅಂದುಕೊಳ್ಳುತ್ತಿದ್ದಳು.

ಅಕ್ಕನ ಕೆಲಸ ಹೋಯಿತು. ಅರೆ ಹದದ ತಟ್ಟೆ ಸುರಿಯುವುದನ್ನು ಅವಳ ಜಾಗಕ್ಕೆ ಬಂದವಳಿಗೆ ಕಲಿಸಿಕೊಡಿ ಎಂದು ಎರಡು ದಿನ ಕರೆಸಿಕೊಂಡರು. ಕಲಿಸಿ ಬಂದಳು. ದರ್ಜಿ ಅಂಗಡಿಯವರು ಗುಂಡಿ ಹೊಲಿಯುವ ಕೆಲಸ ಕೊಟ್ಟರು. ತಂಗಿಗೆ ಫೋನು ಮಾಡಿದರೆ ಹೊಡೆದುಕೊಳ್ಳುತ್ತಿತ್ತು, ಎತ್ತುವವರಿಲ್ಲ. ಕಡೆಗೆ ಅದು ಹೊಡೆದುಕೊಳ್ಳುವುದೂ ನಿಂತಿತು.

ತಂಗಿ ಊರಾಚೆಯ ದೊಡ್ಡ ನರ್ಸರಿಯೊಂದರಲ್ಲಿ ಕಸಿ ಕಟ್ಟುವ ಕೂಲಿಗೆ ಸೇರಿದ್ದಾಳೆಂದು ಯಾರೋ ಹೇಳಿದರು. ಅಕ್ಕ ಒಂದು ಮಧ್ಯಾಹ್ನ ಎರಡು ಬಸ್ಸು ಬದಲಾಯಿಸಿ ಹೋದಳು. ತಂತಿ ಬೇಲಿಯಾಚೆ ಉದ್ದನೆಯ ಮೇಜು. ಮೇಜಿನ ಎರಡೂ ಕಡೆ ಹೆಂಗಸರು, ಎಲ್ಲರ ಕೈಗೂ ಒಂದೇ ಬಣ್ಣದ ಗವಸು, ತಲೆಗೆ ಒಂದೇ ಬಣ್ಣದ ಟೊಪ್ಪಿಗೆ. ಆದರೂ ಅಕ್ಕನಿಗೆ ಹುಡುಕಬೇಕಾಗಲಿಲ್ಲ. ಆ ಬೆರಳುಗಳೇ ಸಾಕಾದವು.

ಬೇಲಿಯ ಬಳಿ ಕೂತು ಟ್ರೇ ತೊಳೆಯುತ್ತಿದ್ದ ಹೆಂಗಸೊಬ್ಬಳು ಅಕ್ಕನನ್ನು ಮೊದಲು ಕಂಡಳು. ಒಳಗೆ ಕೂಗಿದಳು. ತಂಗಿ ತಲೆ ಎತ್ತಿದಳು. ಎರಡು ಹೆಜ್ಜೆ ಬಂದಳು, ನಿಂತಳು. ಮುಖ ಸೊರಗಿತ್ತು. ಗವಸು ತೆಗೆಯಲಿಲ್ಲ.

"ಯಾರಿದು? ನಿಮ್ಮೋರಾ?" ಎಂದಳು ಟ್ರೇ ತೊಳೆಯುವವಳು.

"ಅಲ್ಲ" ಎಂದಳು ತಂಗಿ. "ಸಸಿ ಕೇಳ್ಕೊಂಡು ಬಂದಿದಾರೆ."

ಹೇಳಿ, ಮೇಜಿನ ಕಡೆ ತಿರುಗಿ ನಡೆದಳು. ಟ್ರೇ ತೊಳೆಯುವವಳು ಒದ್ದೆ ಕೈ ಒರೆಸಿಕೊಂಡು ಬೇಲಿಯ ಬಳಿಗೆ ಬಂದಳು. "ಒಳ್ಳೇ ಸಸಿ ಇದಾವೆ ಅಮ್ಮ. ರೋಗ ಗೀಗ ಏನೂ ಇಲ್ಲ. ಎಷ್ಟು ಬೇಕಿತ್ತು?"

ಅಕ್ಕ ತಂಗಿಯ ಬೆನ್ನು ನೋಡುತ್ತಿದ್ದಳು. ಅದು ಮೇಜಿನ ಸಾಲಿನಲ್ಲಿ ಕೂತು, ಉಳಿದ ಬೆನ್ನುಗಳ ನಡುವೆ ಒಂದಾಯಿತು.

"ಇವತ್ತು ಬೇಡಮ್ಮ" ಎಂದಳು. "ಸುಮ್ಮನೆ ವಿಚಾರಿಸ್ಕೊಂಡು ಹೋಗೋಣ ಅಂತ ಬಂದೆ."